ಮುಂದಿನ ವರ್ಷ ಅಂದರೆ ಯಾವುದು ಸಾರ್?

ಡಿಸೆಂಬರ್ ಕೊನೆಯ ವಾರ ಓದುಗರಿಗೊಂದು ಪತ್ರ ಬರೆಯುವುದು ನನ್ನ ಆರು ವರ್ಷದ ರೂಢಿ. ಹೊಸ ವರ್ಷದ ಶುಭಾಶಯ, ಜೊತೆಗೆ ಬರವಣಿಗೆ ಎಲ್ಲಿಗೆ ಬಂತು ಅನ್ನುವ ಸುದ್ದಿ. ಮೊದಲ ಮೂರು ಪತ್ರಗಳನ್ನು ಈಗ ತೆಗೆದು ನೋಡಿದರೆ ಮೂರರಲ್ಲೂ ಒಂದೇ ಮಾತು: ಮುಂದಿನ ವರ್ಷ ಕಾದಂಬರಿ ನಿಮ್ಮ ಕೈಲಿರುತ್ತದೆ. ಮೂರನೆಯದಕ್ಕೆ ಓದುಗರೊಬ್ಬರು ಉತ್ತರಿಸಿದರು: 'ನಿಮಗೂ ಶುಭಾಶಯ. ಮುಂದಿನ ವರ್ಷ ಅಂದರೆ ಯಾವುದು ಸಾರ್?' ಮೊದಲು ನಗು ಬಂತು. ರಾತ್ರಿ ಮಲಗಿದ ಮೇಲೆ ನಾಚಿಕೆ.

ಸುಳ್ಳು ಹೇಳುವ ಉದ್ದೇಶ ನನಗಿರಲಿಲ್ಲ. ನೆನಪಿನಿಂದ ಬರೆಯುತ್ತಿದ್ದೆ, ಅಷ್ಟೆ. ಚೆನ್ನಾಗಿ ಬರೆದ ನಾಲ್ಕು ದಿನ ನೆನಪಿರುತ್ತದೆ, ಸುಮ್ಮನೆ ಕೂತೆದ್ದ ನಲವತ್ತು ದಿನ ಮರೆತುಹೋಗುತ್ತದೆ. ಆ ಜನವರಿಯಿಂದ ಡೈರಿ ಇಟ್ಟೆ. ದಿನಕ್ಕೊಂದು ಸಾಲು: ಎಷ್ಟು ಹೊತ್ತು ಕೂತೆ, ಏನು ಬರೆದೆ, ಏನು ಹೊಡೆದುಹಾಕಿದೆ.

ಪದ ಎಣಿಸುವುದನ್ನೂ ಪ್ರಯತ್ನಿಸಿದ್ದುಂಟು. ನವೆಂಬರ್ ತಿಂಗಳಲ್ಲಿ 50,000 ಪದ ಬರೆಯುವ ಪಂದ್ಯವೊಂದು 1999ರಲ್ಲಿ ಅಮೆರಿಕದಲ್ಲಿ ಶುರುವಾಗಿತ್ತಲ್ಲ, ಅದರ ಲೆಕ್ಕ. ದಿನಕ್ಕೆ ಸುಮಾರು 1,667. ಆದರೆ ಇಂಗ್ಲಿಷಿನವರು ನಾಲ್ಕು ಪದದಲ್ಲಿ ಹೇಳುವುದನ್ನು ನಾವು 'ಹೋಗಬೇಕಾಗಿತ್ತು' ಅಂತ ಒಂದರಲ್ಲಿ ಮುಗಿಸುತ್ತೇವೆ. ಆ ಸಂಖ್ಯೆ ಮುಟ್ಟಲು ಹೋಗಿ ಒಂಬತ್ತನೆಯ ದಿನಕ್ಕೆ ನನ್ನ ಪಾತ್ರಗಳು ಒಂದಕ್ಕೊಂದು ಕ್ಷೇಮಸಮಾಚಾರ ಕೇಳುತ್ತ ಪುಟ ತುಂಬಿಸುತ್ತಿದ್ದವು. ಬಿಟ್ಟೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪ್ ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ ಬರೆಯುತ್ತಿದ್ದನಂತೆ. ನಾನು ಅವನ ಗಡಿಯಾರ ತಗೊಂಡೆ, ಲೆಕ್ಕ ಅವನಿಗೇ ಬಿಟ್ಟೆ.

ನಾಲ್ಕನೆಯ ಪತ್ರದಲ್ಲಿ ಹೇಳಬೇಕಾಗಿ ಬಂದದ್ದು ಒಂದು ಪೇಚಾಟದ ಕಥೆ. 'ನಾನು' ಎಂದು ಬರೆದಿದ್ದ ಕಾದಂಬರಿಯನ್ನು ಅರ್ಧದಲ್ಲಿ 'ಅವಳು' ಮಾಡಲು ಹೊರಟಿದ್ದೆ. ಕಂಪ್ಯೂಟರ್ ಇದೆಯಲ್ಲ, ಹುಡುಕಿ ಬದಲಿಸಿದರಾಯಿತು ಅಂದುಕೊಂಡೆ. 'ಅವಳು ಬಾಗಿಲು ತೆಗೆದೆ' ಅಂತಾಯಿತು. ಸಂಭಾಷಣೆಯಲ್ಲಿ ತಾಯಿ 'ನಾನು ಬರೋದಿಲ್ಲ' ಅಂದಿದ್ದೂ 'ಅವಳು ಬರೋದಿಲ್ಲ' ಆಯಿತು. ಇನ್ನು ಅರ್ಧಕ್ಕರ್ಧ ವಾಕ್ಯಗಳಲ್ಲಿ 'ನಾನು' ಇರಲೇ ಇಲ್ಲ. ಬಂದೆ, ಕೂತೆ, ನೋಡಿದೆ ಅಂದರೆ ಸಾಕಲ್ಲ ನಮ್ಮ ಭಾಷೆಗೆ. ಒಂದೊಂದೇ ಕ್ರಿಯಾಪದ ಕೈಯಲ್ಲಿ ತಿದ್ದುತ್ತ ಹೋದಾಗ ದೊಡ್ಡ ನಷ್ಟ ಕಣ್ಣಿಗೆ ಬಿತ್ತು. 'ಬಂದೆ' ಅಂದವರು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಮೊದಲ ಇಪ್ಪತ್ತು ಪುಟ ಆ ಗುಟ್ಟಿನ ಮೇಲೇ ನಿಂತಿದ್ದವು. 'ಬಂದಳು' ಅಂದ ತಕ್ಷಣ ಮೊದಲ ಸಾಲಿಗೇ ಗುಟ್ಟು ರಟ್ಟು. ಆರಂಭವನ್ನೇ ಹೊಸದಾಗಿ ಬರೆಯಲು ಹನ್ನೊಂದು ವಾರ ಹಿಡಿಯಿತು.

ಇದನ್ನೆಲ್ಲ ಹೇಳಿದರೆ ಬೇಜಾರಾದೀತು ಅಂತ ಹೆದರಿದ್ದೆ. ಹಿಂದಿನ ಮೂರು ಪತ್ರಗಳಿಗೆ ಬಂದದ್ದಕ್ಕಿಂತ ಹೆಚ್ಚು ಉತ್ತರ ಆ ಒಂದಕ್ಕೇ ಬಂತು.

ಅಂದಿನಿಂದ ಪತ್ರ ಬರೆಯುವ ಕ್ರಮ ಬದಲಾಗಿದೆ. ಮೊದಲು ಡೈರಿ ಓದುತ್ತೇನೆ, ಶುಭಾಶಯ ಕೊನೆಗೆ ಬರೆಯುತ್ತೇನೆ; ಮೊದಲೇ ಬರೆದರೆ ಅದರ ಹುರುಪು ಸುದ್ದಿಗೂ ಹತ್ತಿಬಿಡುತ್ತದೆ. ಕರಡಚ್ಚು ತಿದ್ದಿ ಮುಗಿಯುವ ತನಕ ಬಿಡುಗಡೆಯ ತಿಂಗಳು ಹೇಳುವುದಿಲ್ಲ. ಕಥೆ ವಾಪಸು ಬಂದಿದ್ದರೆ ಒಂದು ಸಾಲು, ಗೋಳಿಲ್ಲ.

ಈ ಸಲದ ಲೆಕ್ಕ: 212 ದಿನ ಕೂತಿದ್ದೇನೆ. ಮೂರು ಸಣ್ಣಕಥೆ ಮುಗಿದಿವೆ, ಒಂದು ವಾಪಸು ಬಂದಿದೆ. ಕಾದಂಬರಿ ಹದಿನಾಲ್ಕನೆಯ ಅಧ್ಯಾಯದಲ್ಲಿದೆ. ಅವಳು ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಾಳೆ. ಆ ಹಳೆಯ ಓದುಗರಿಂದ ಮರುದಿನವೇ ಉತ್ತರ: 'ಅವಸರ ಬೇಡ ಸಾರ್. ಆದರೆ ಅವಳು ಮನೆ ಬಿಡುತ್ತಾಳೋ ಇಲ್ಲವೋ, ಅಷ್ಟು ಹೇಳಿಬಿಡಿ.'

ಅದು ಗೊತ್ತಿದ್ದಿದ್ದರೆ ಅಧ್ಯಾಯ ಮುಗಿದಿರುತ್ತಿತ್ತು ಅಂತ ಬರೆದು ಕಳಿಸಿದೆ.