ಗಂಟೆ ಬಾರಿಸದ ತರಗತಿ: ಮಾಂಟೆಸರಿಯಲ್ಲಿ ಒಂದು ವಾರ ಹೊಂದಿಸುವುದು ಹೇಗೆ?

ಆರರಿಂದ ಒಂಬತ್ತು ವರ್ಷದ ಮಕ್ಕಳು ಒಂದೇ ಕೋಣೆಯಲ್ಲಿ ಕಲಿಯುವ ಮಾಂಟೆಸರಿ ತರಗತಿಯಲ್ಲಿ ನಲವತ್ತು ನಿಮಿಷಕ್ಕೊಂದು ಪೀರಿಯಡ್ ಇರುವುದಿಲ್ಲ. ಹಾಗಂತ ಶಿಕ್ಷಕರ ತಯಾರಿ ಕಡಿಮೆಯಲ್ಲ, ಹೆಚ್ಚೇ. 25 ಮಕ್ಕಳಿದ್ದಾರೆ ಎಂದಿಟ್ಟುಕೊಂಡು ವಾರವನ್ನು ಹೀಗೆ ಹೊಂದಿಸಬಹುದು.

ಕೆಲಸ ಶನಿವಾರವೇ ಶುರು. ಮಕ್ಕಳು ತಾವು ಮಾಡಿದ್ದನ್ನು ಬರೆದಿಡುವ ದಿನಚರಿ ಪುಸ್ತಕಗಳನ್ನು ತೆಗೆದು ನೋಡಿ. ಯಾರು ಏನನ್ನು ಅರ್ಧಕ್ಕೆ ಬಿಟ್ಟಿದ್ದಾರೆ, ಯಾರು ಗಣಿತದ ಕಪಾಟಿನ ಕಡೆ ತಲೆಯೇ ಹಾಕಿಲ್ಲ ಎಂದು ಗುರುತು ಹಾಕಿಕೊಳ್ಳಿ. ಅದರ ಪ್ರಕಾರ ಮೂರರಿಂದ ಐದು ಮಕ್ಕಳ ಗುಂಪು ಮಾಡಿ. ವಯಸ್ಸು ನೋಡಬೇಡಿ, ಆ ಪಾಠಕ್ಕೆ ಯಾರು ಸಿದ್ಧರಿದ್ದಾರೆ ಎಂದಷ್ಟೇ ನೋಡಿ.

ಮಕ್ಕಳು ತಾವೇ ಆರಿಸಿಕೊಂಡ ಕೆಲಸದಲ್ಲಿ ತೊಡಗುವ ಬೆಳಗಿನ ಮೂರು ತಾಸನ್ನು, ಅಂದರೆ 8.30ರಿಂದ 11.30ರವರೆಗೆ, ಯಾರಿಗೂ ಬಿಟ್ಟುಕೊಡಬೇಡಿ. ಸಂಗೀತ, ಆಟವೆಲ್ಲ ಮಧ್ಯಾಹ್ನಕ್ಕೆ. ಹತ್ತರ ಸುಮಾರಿಗೆ ಕೋಣೆಯಲ್ಲಿ ಗದ್ದಲ ಏಳುತ್ತದೆ, ಮಕ್ಕಳು ಸುಮ್ಮನೆ ಓಡಾಡುತ್ತಾರೆ. ಇದನ್ನೇ ಈ ಪದ್ಧತಿ ರೂಪಿಸಿದ ಮಾರಿಯಾ ಮಾಂಟೆಸರಿ ಹುಸಿ ದಣಿವು ಎಂದದ್ದು. ಹೊಸಬರು ಗಾಬರಿಯಾಗಿ ಎಲ್ಲರನ್ನೂ ಕೂರಿಸಿ ಪಾಠ ಶುರು ಮಾಡುತ್ತಾರೆ. ಸ್ವಲ್ಪ ಹೊತ್ತು ತಡೆದರೆ ಗದ್ದಲ ತಾನಾಗಿ ಇಳಿಯುತ್ತದೆ, ದಿನದ ಗಟ್ಟಿ ಕೆಲಸ ನಡೆಯುವುದು ಆಮೇಲೆಯೇ.

ಸೋಮವಾರ ಗಣಿತ. ಚಿನ್ನದ ಬಣ್ಣದ ಮಣಿಗಳಲ್ಲಿ ಹತ್ತು ಬಿಡಿಗೆ ಒಂದು ಹತ್ತು, ಹತ್ತು ಹತ್ತಕ್ಕೆ ಒಂದು ನೂರು ಎಂದು ಬದಲಾಯಿಸಿ ರೂಢಿಯಾದ ಮಕ್ಕಳಿಗೆ ಸ್ಟ್ಯಾಂಪ್ ಗೇಮ್‌ನಲ್ಲಿ, ಅಂದರೆ ಬೆಲೆ ಬರೆದ ಬಣ್ಣದ ಪುಟ್ಟ ಬಿಲ್ಲೆಗಳಲ್ಲಿ, ಭಾಗಾಕಾರ ತೋರಿಸಿ. ಬಿಡಿಯ ಬಿಲ್ಲೆ ಹಸಿರು, ಹತ್ತು ನೀಲಿ, ನೂರು ಕೆಂಪು, ಸಾವಿರ ಮತ್ತೆ ಹಸಿರು. ಲೆಕ್ಕ 4527 ÷ 3. ಮೂರು ಹಸಿರು ಮರದ ಬೊಂಬೆಗಳನ್ನು ಸಾಲಾಗಿ ನಿಲ್ಲಿಸಿ, ಹಂಚುವುದನ್ನು ಸಾವಿರದಿಂದ ಶುರು ಮಾಡಿ. ಒಂದೊಂದು ಬೊಂಬೆಗೆ ಒಂದೊಂದು ಸಾವಿರ ಹೋಗಿ ಒಂದು ಉಳಿಯುತ್ತದೆ. ಅದನ್ನು ಪೆಟ್ಟಿಗೆಗೆ ಹಾಕಿ ಹತ್ತು ನೂರು ತೆಗೆದರೆ 15 ನೂರು, ತಲಾ ಐದು. ಇನ್ನು ಎರಡೇ ಹತ್ತು, ಮೂವರಿಗೆ ಸಾಲದು. ಅವನ್ನು 20 ಬಿಡಿ ಮಾಡಿದರೆ ಒಟ್ಟು 27, ತಲಾ ಒಂಬತ್ತು.

ಒಂದು ಬೊಂಬೆಗೆ ಸಿಕ್ಕಿದ್ದೇ ಉತ್ತರ: 1509. ಮಗು 159 ಎಂದು ಬರೆದರೆ ಅಳಿಸಬೇಡಿ. ಬೊಂಬೆಯ ಕೆಳಗೆ ನೀಲಿ ಬಿಲ್ಲೆ ಇರಬೇಕಾದ ಜಾಗ ಖಾಲಿ ಇದೆ, ಅದಕ್ಕೆ ಬೆರಳಿಟ್ಟು ‘ಇಲ್ಲಿ ಎಷ್ಟಿದೆ?’ ಎಂದು ಕೇಳಿ, ಸಾಕು. 1475 ಬಂದು ಎರಡು ಶೇಷ ಉಳಿದರೆ ತಪ್ಪು ಬೇರೆ ಕಡೆ: ಬದಲಾಯಿಸುವಾಗ ಹತ್ತು ನೂರರ ಬದಲು ಒಂಬತ್ತೇ ಎಣಿಸಿರುತ್ತದೆ. 1475ನ್ನು ಮೂರರಿಂದ ಗುಣಿಸಿ ಎರಡು ಕೂಡಿಸಿದರೆ 4427, ನೂರು ಕಡಿಮೆ ಎಂದು ಮಗುವಿಗೇ ಗೊತ್ತಾಗುತ್ತದೆ.

ಮಂಗಳವಾರ ಭಾಷೆ. ವ್ಯಾಕರಣದ ಚಿಹ್ನೆಗಳಲ್ಲಿ ನಾಮಪದಕ್ಕೆ ದೊಡ್ಡ ಕಪ್ಪು ತ್ರಿಕೋನ, ಗುಣವಾಚಕಕ್ಕೆ ಕಡುನೀಲಿ ತ್ರಿಕೋನ, ಕ್ರಿಯಾಪದಕ್ಕೆ ಕೆಂಪು ವೃತ್ತ. ಕನ್ನಡದಲ್ಲಿ ಹೇಳಿಕೊಡುವವರು ಎಡವುವುದು ಇಲ್ಲೇ. ಇಂಗ್ಲಿಷಿನ ‘ದಿ’ಗೆ ಇರುವ ತಿಳಿನೀಲಿ ತ್ರಿಕೋನಕ್ಕೆ ನಮ್ಮಲ್ಲಿ ಕೆಲಸವಿಲ್ಲ. ‘ಮರಕ್ಕೆ’ ಎಂದಾಗ ವಿಭಕ್ತಿ ಪದದೊಳಗೇ ಸೇರಿಹೋಗಿರುವುದರಿಂದ, ಇಂಗ್ಲಿಷಿನ ‘ಟು’ನಂಥ ಪದಗಳಿಗಿರುವ ಹಸಿರು ಅರ್ಧಚಂದ್ರವನ್ನು ಎಲ್ಲಿಡಬೇಕೆಂದು ಮಗು ಕಣ್ಣು ಕಣ್ಣು ಬಿಡುತ್ತದೆ. ಹಾಗಾಗಿ ಮೊದಲಿಗೆ ‘ಬಿಳಿ ಬೆಕ್ಕು ಮಲಗಿತು’ ಎಂಬಂಥ ಸರಳ ವಾಕ್ಯ ಸಾಕು. ಒಂದೊಂದು ಪದವನ್ನು ಒಂದೊಂದು ಚೀಟಿಯಲ್ಲಿ ಬರೆದು ಜಾಗ ಬದಲಿಸಿ. ‘ಮಲಗಿತು ಬಿಳಿ ಬೆಕ್ಕು’ ಎಂದರೆ ಹಾಡಿನ ಸಾಲಿನ ಹಾಗೆ ಕೇಳುತ್ತದೆ, ‘ಬೆಕ್ಕು ಬಿಳಿ ಮಲಗಿತು’ ಎಂದರೆ ಮಕ್ಕಳು ನಗುತ್ತಾರೆ. ಕ್ರಿಯಾಪದ ಜಾಗ ಬಿಟ್ಟು ಓಡಾಡಬಹುದು, ಗುಣವಾಚಕ ನಾಮಪದದ ಮುಂದೆಯೇ ನಿಲ್ಲಬೇಕು ಎಂಬುದು ವ್ಯಾಖ್ಯೆಯಿಲ್ಲದೆ ತಲೆಗೆ ಹೋಗುತ್ತದೆ.

ಬುಧವಾರ ಹೊಸದೇನೂ ಬೇಡ. ಎರಡು ದಿನದ ಪಾಠ ಮಕ್ಕಳ ಕೈಯಲ್ಲಿ ಮತ್ತೆ ಮತ್ತೆ ಆಡಲಿ, ನೀವು ನೋಡುತ್ತಾ ಬರೆದುಕೊಳ್ಳಿ.

ಗುರುವಾರ ವಿಜ್ಞಾನ, ಭೂಗೋಳ, ಇತಿಹಾಸ. ಇವನ್ನು ಬಿಡಿಬಿಡಿ ವಿಷಯಗಳಾಗಿ ಅಲ್ಲ, ವಿಶ್ವದ ಒಂದೇ ಕಥೆಯ ಕವಲುಗಳಾಗಿ ಕಲಿಸುವ ಕ್ರಮ ರೂಪುಗೊಂಡದ್ದು ನಮ್ಮ ದಕ್ಷಿಣದಲ್ಲೇ: 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದ ಮಾಂಟೆಸರಿ ಮತ್ತು ಮಗ ಮಾರಿಯೊ ಯುದ್ಧದ ವರ್ಷಗಳಲ್ಲಿ ಕೊಡೈಕನಾಲ್‌ನಲ್ಲಿದ್ದಾಗ. ಪಾಠದಿಂದ ಪ್ರಶ್ನೆ ಹುಟ್ಟಿದರೆ ಮೂರ್ನಾಲ್ಕು ಮಕ್ಕಳನ್ನು ಒಬ್ಬ ದೊಡ್ಡವರ ಜೊತೆ ಹೊರಗೆ ಕಳಿಸಿ. ಬೇರಿನ ಪಾಠವಾದರೆ ತರಕಾರಿ ಮಾರುಕಟ್ಟೆ ಸಾಕು, ಮೂಲಂಗಿ, ಕ್ಯಾರೆಟ್ ಬೇರು, ಆಲೂಗಡ್ಡೆ ಕಾಂಡ. ಏನು ಕೇಳಬೇಕೆಂದು ಮಕ್ಕಳೇ ಮೊದಲು ಬರೆದುಕೊಂಡಿರಬೇಕು, ಇಲ್ಲದಿದ್ದರೆ ಅದು ಬರೀ ಪಿಕ್ನಿಕ್.

ಪ್ರತಿ ಮಗುವಿನ ಜೊತೆ ದಿನಚರಿ ಪುಸ್ತಕ ಇಟ್ಟುಕೊಂಡು ಮಾತಾಡುವ ಕೆಲಸವನ್ನು ಹಲವರು ಶುಕ್ರವಾರಕ್ಕೆ ತಳ್ಳುತ್ತಾರೆ. ತಲಾ ಆರು ನಿಮಿಷ ಎಂದರೂ 25 ಮಕ್ಕಳಿಗೆ ಎರಡೂವರೆ ಗಂಟೆ, ಬೆಳಗಿನ ಕೆಲಸವೆಲ್ಲ ನುಂಗಿಹೋಗುತ್ತದೆ. ದಿನಕ್ಕೆ ಐವರಂತೆ ಮುಗಿಸಿಕೊಳ್ಳಿ. ‘ಎಷ್ಟು ಮಾಡಿದೆ?’ ಎನ್ನುವ ಬದಲು ‘ಇದನ್ನು ಹೇಗೆ ಮಾಡಿದೆ, ತೋರಿಸು’ ಎನ್ನಿ.

ಶುಕ್ರವಾರ ಕಡೆಯ ಅರ್ಧ ಗಂಟೆ ಕಪಾಟಿಗೆ. ಧೂಳು ಒರೆಸುವುದು, ಪೆನ್ಸಿಲ್ ಚೂಪು ಮಾಡುವುದು, ಬಿಲ್ಲೆ ಎಣಿಸುವುದು ಮಕ್ಕಳದೇ ಕೆಲಸ. ಕಳೆದುಹೋದ ಕೆಂಪು ಬಿಲ್ಲೆಗಳು ಹೆಚ್ಚಾಗಿ ಚಾಪೆಯ ಮಡಿಕೆಯಲ್ಲೇ ಸಿಗುತ್ತವೆ.