ನಾಲ್ಕು ಅಸೈನ್‌ಮೆಂಟ್, ಒಂದೇ ತಪ್ಪು

ಮೇರಿ ಕ್ಯೂರಿ ಬಗ್ಗೆ ಮಕ್ಕಳು ಬರೆದ ಅಸೈನ್‌ಮೆಂಟ್ ತಿದ್ದುತ್ತಿದ್ದೆ. ಒಂದರಲ್ಲಿ '1911ರಲ್ಲಿ ಭೌತಶಾಸ್ತ್ರಕ್ಕೆ ನೊಬೆಲ್' ಎಂದಿತ್ತು. ಆ ವರ್ಷ ಬಂದದ್ದು ರಸಾಯನಶಾಸ್ತ್ರಕ್ಕೆ, ಭೌತಶಾಸ್ತ್ರದ್ದು 1903ರಲ್ಲೇ ಬಂದಿತ್ತು. ಸುತ್ತು ಹಾಕಿ ಮುಂದೆ ಹೋದೆ. ಇನ್ನೊಂದರಲ್ಲೂ ಅದೇ ತಪ್ಪು. ಹೀಗೆ ಒಟ್ಟು ನಾಲ್ಕು ಸಿಕ್ಕಿದವು.

ಸರಿ ಉತ್ತರ ಎಲ್ಲರದ್ದೂ ಒಂದೇ ಥರ ಇರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ತಪ್ಪು ಹಾಗಲ್ಲ, ಒಬ್ಬೊಬ್ಬರದ್ದು ಒಂದೊಂದು ಥರ. ಅದಕ್ಕೇ ಕಾಪಿ ಹುಡುಕುವಾಗ ನಾನು ಮೊದಲು ತಪ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಹಾಗಂತ ತಕ್ಷಣ ರೇಗಬೇಡಿ. ಈ ನಾಲ್ವರು ಒಬ್ಬರನ್ನೊಬ್ಬರು ನೋಡಿ ಬರೆದಿರಲಿಲ್ಲ. ನಾಲ್ವರೂ ಒಂದೇ ವೆಬ್ ಪುಟವನ್ನು ನಂಬಿದ್ದರು.

ಮೊದಲ ಸಲ ಪೆನ್ನು ಕೆಳಗಿಟ್ಟು ಓದಿ. ಎಲ್ಲಿ ದನಿ ಬದಲಾಗುತ್ತದೆ ಅಂತ ಕಿವಿಗೇ ಗೊತ್ತಾಗುತ್ತದೆ. ಎರಡು ಪ್ಯಾರಾ ತಡವರಿಸಿದ ಹುಡುಗ ಮೂರನೆಯದರಲ್ಲಿ ಪ್ರೊಫೆಸರ್ ಥರ ಮಾತಾಡಿದರೆ ಅಲ್ಲಿ ನಿಲ್ಲಿ. ಚಿತ್ರವೇ ಇಲ್ಲದ ಕಡೆ 'ಮೇಲಿನ ಚಿತ್ರದಲ್ಲಿ ತೋರಿಸಿದಂತೆ' ಎಂದಿರುತ್ತದೆ. ವಿಕಿಪೀಡಿಯದ ಟಿಪ್ಪಣಿ ಸಂಖ್ಯೆ ಹಾಗೇ ಉಳಿದಿರುತ್ತದೆ. ಇಂಗ್ಲಿಷಿನದನ್ನು ಯಂತ್ರದಿಂದ ಅನುವಾದ ಮಾಡಿಸಿದ್ದರೆ ಪವರ್ ಪ್ಲಾಂಟ್ ಹೋಗಿ 'ಶಕ್ತಿ ಸಸ್ಯ' ಆಗಿರುತ್ತದೆ! ಅಂಥ ವಾಕ್ಯವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಹುಡುಕಿದರೆ ಎಷ್ಟೋ ಸಲ ಮೂಲ ಸಿಗುತ್ತದೆ.

ಹುಡುಕುವುದಕ್ಕೂ ಒಂದು ಕ್ರಮ ಇದೆ. ಮೊದಲ ವಾಕ್ಯ ಬೇಡ, ಮಕ್ಕಳು ಅದನ್ನೊಂದು ಬದಲಾಯಿಸಿಯೇ ಇರುತ್ತಾರೆ. ನಡುವಿನ ಪ್ಯಾರಾದಿಂದ ಏಳೆಂಟು ಪದ ತೆಗೆದು, ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್ ಮಾಡಿ.

ಬರಹವನ್ನು ಬೇರೆ ಬರಹಗಳ ಜೊತೆ ಹೋಲಿಸುವ ಟರ್ನಿಟಿನ್‌ನಂಥ ಸಾಫ್ಟ್‌ವೇರ್ ಕೊಡುವ ಶೇಕಡಾವಾರು ನೋಡಿ ತೀರ್ಪು ಕೊಡಬೇಡಿ. ಅದು ಹೇಳುವುದು ಎಷ್ಟು ಹೋಲುತ್ತದೆ ಅಂತ ಮಾತ್ರ. ಸರಿಯಾಗಿ ಹೆಸರು ಹೇಳಿ ಎತ್ತಿಕೊಂಡ ಸಾಲೂ ಆ ಲೆಕ್ಕದಲ್ಲಿ ಸೇರಿರಬಹುದು. ಎಐ ಬರೆದದ್ದನ್ನು ಹಿಡಿಯುವ ಉಪಕರಣಗಳ ಮೇಲಂತೂ ನನಗೆ ನಂಬಿಕೆ ಇಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಅಂಥ ಉಪಕರಣವನ್ನು ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ನಿಲ್ಲಿಸಿತು.

ಮಾಹಿತಿ ತಪ್ಪು ಹಿಡಿಯಲು ಎಲ್ಲ ಸಾಲನ್ನೂ ಪರೀಕ್ಷಿಸುತ್ತಾ ಕೂತರೆ ರಾತ್ರಿ ಬೆಳಗಾಗುತ್ತದೆ. ಹೆಸರು, ಇಸವಿ, ಅಂಕಿ, ಮತ್ತೆ 'ಮೊದಲ', 'ಏಕೈಕ', 'ಅತಿ ದೊಡ್ಡ' ಎನ್ನುವ ಪದಗಳ ಕೆಳಗೆ ಗೆರೆ ಎಳೆಯಿರಿ. ಆಮೇಲೆ ಒಂದು ಸಾಲನ್ನು ಇನ್ನೊಂದರ ಜೊತೆ ತಾಳೆ ನೋಡಿ. ಒಬ್ಬಳು ಮೊದಲ ಪುಟದಲ್ಲಿ ಪಿಯರ್ ಕ್ಯೂರಿ 1906ರಲ್ಲಿ ಗಾಡಿಗೆ ಸಿಕ್ಕಿ ತೀರಿಕೊಂಡ ಅಂತ ಸರಿಯಾಗಿಯೇ ಬರೆದಿದ್ದಳು. ಎರಡನೆಯ ಪುಟದಲ್ಲಿ ಗಂಡ ಹೆಂಡತಿ ಸೇರಿ 1911ರ ನೊಬೆಲ್ ತೆಗೆದುಕೊಂಡಿದ್ದರು! ಇದಕ್ಕೆ ಇಂಟರ್‌ನೆಟ್ಟೇ ಬೇಕಿಲ್ಲ, ಅಲ್ವಾ?

ಕೊನೆಯಲ್ಲಿ ಕೊಟ್ಟ ಆಕರಗಳಲ್ಲಿ ಎರಡನ್ನಾದರೂ ತೆರೆದು ನೋಡಿ. ಡಿಒಐ ಸಂಖ್ಯೆ, ಅಂದರೆ ಸಂಶೋಧನಾ ಲೇಖನಗಳಿಗೆ ಕೊಡುವ ಗುರುತಿನ ಸಂಖ್ಯೆ, ಇದ್ದರೆ ಅದನ್ನು ಡಿಒಐ ಡಾಟ್ ಆರ್ಗ್‌ (doi.org) ತಾಣದಲ್ಲಿ ಹಾಕಿ. ಚಾಟ್‌ಬಾಟ್‌ಗಳು ನಿಜವಾದ ಲೇಖಕರ ಹೆಸರಿಗೆ ಇಲ್ಲದ ಲೇಖನ ಅಂಟಿಸಿಬಿಡುತ್ತವೆ. ಲೇಖನ ಇದ್ದರೂ ವಿದ್ಯಾರ್ಥಿ ಹೇಳಿದ ಮಾತು ಅದರಲ್ಲಿ ಇದೆಯಾ ನೋಡಿ.

ಅನುಮಾನ ಬಂದರೆ ಒಬ್ಬರೇ ಇದ್ದಾಗ ಕರೆದು, 'ಈ ಸಾಲು ನಿನ್ನ ಮಾತಲ್ಲಿ ಹೇಳು ನೋಡೋಣ' ಅನ್ನಿ. ಸ್ವಂತವಾಗಿ ಬರೆದವರು ತಡವರಿಸಿದರೂ ಏನೋ ಒಂದು ಹೇಳುತ್ತಾರೆ. ಕಾಪಿ ಮಾಡಿದವರು ಸಾಮಾನ್ಯವಾಗಿ ಆ ಪದದ ಅರ್ಥಕ್ಕೇ ಸಿಕ್ಕಿಬೀಳುತ್ತಾರೆ.

ಅದೇ ಕಟ್ಟಿನಲ್ಲಿ ಒಬ್ಬ ಹುಡುಗ, ಮೇರಿ ಕ್ಯೂರಿ 67ನೇ ವಯಸ್ಸಿನಲ್ಲಿ ತೀರಿಕೊಂಡರು ಅಂತ ಬರೆದಿದ್ದ. 1934ರಿಂದ 1867 ಕಳೆದಿದ್ದಾನೆ, ಬೇರೆ ಯಾರೂ ಹಾಗೆ ಬರೆದಿರಲಿಲ್ಲ. ಖುಷಿಯಾಯಿತು. ಪಕ್ಕದಲ್ಲಿ ಬರೆದೆ: 'ಹುಟ್ಟಿದ್ದು ನವೆಂಬರ್ 7, ತೀರಿಕೊಂಡದ್ದು ಜುಲೈ 4. ಇನ್ನೊಮ್ಮೆ ಲೆಕ್ಕ ಹಾಕು.'