ದುಡ್ಡು ರೆಕ್ಕೆಗಲ್ಲ, ಕಂಬಕ್ಕೆ

ನನ್ನ ಮೊದಲ ಗಾಳಿಯಂತ್ರ ತಾರಸಿಯ ಮೇಲೆ ನಿಂತದ್ದು 11 ದಿನ. ಅದು ತಿರುಗುತ್ತಿತ್ತು, ಇಲ್ಲವೆನ್ನಲಾರೆ. ಆದರೆ ರಾತ್ರಿ ಗಾಳಿ ಎದ್ದರೆ ಮನೆಯೇ ತಂಬೂರಿಯಾಗುತ್ತಿತ್ತು. ಕಂಬದ ನಡುಕ ಗೋಡೆಗಿಳಿದು, ಗೋಡೆಯಿಂದ ಮಂಚಕ್ಕೆ ಹರಿದು, ತಲೆದಿಂಬಿನೊಳಗೆ ಗುಂಯ್ ಎನ್ನುತ್ತಿತ್ತು. ಇಷ್ಟೆಲ್ಲ ಸದ್ದು ಮಾಡಿ ಬ್ಯಾಟರಿಗೆ ತುಂಬಿದ್ದು ಒಂದು ಬಲ್ಬಿಗೂ ಸಾಲದಷ್ಟು. ಹನ್ನೆರಡನೆಯ ದಿನ ಮನೆಯವರು ಕೇಳುವ ಮೊದಲೇ ನಾನೇ ಬಿಚ್ಚಿ ಇಳಿಸಿದೆ.

ತಪ್ಪು ಯಂತ್ರದ್ದಲ್ಲ, ಜಾಗದ್ದು. ಮಾಡಿಗೆ, ಮರಕ್ಕೆ ಬಡಿದ ಗಾಳಿ ಸುಳಿಸುಳಿಯಾಗಿ ಒಡೆದು ದಿಕ್ಕು ತಪ್ಪುತ್ತದೆ. ಗಾಳಿಯ ಲೆಕ್ಕವೋ ಬಹಳ ನಿಷ್ಠುರ: ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟು, ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟನೆಯ ಒಂದು ಪಾಲು. 1.2 ಮೀಟರ್ ವ್ಯಾಸದ ರೆಕ್ಕೆಗಳ ಚಕ್ರವನ್ನೇ ತೆಗೆದುಕೊಳ್ಳಿ. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿಯಲ್ಲಿ ಅದರ ಮೂಲಕ ಹಾಯುವ ಶಕ್ತಿ ಸುಮಾರು 86 ವ್ಯಾಟ್. ಎಂಥ ಯಂತ್ರವೂ ಇದರಲ್ಲಿ ಶೇ. 59.3ಕ್ಕಿಂತ ಹೆಚ್ಚು ಹಿಡಿಯಲಾರದು. ಇದು ಬೆಟ್ಜ್ ಮಿತಿ. ಮನೆಯಲ್ಲಿ ಮಾಡಿದ್ದು ಕಾಲು ಭಾಗ ಹಿಡಿದರೆ ಬೆನ್ನು ತಟ್ಟಿಕೊಳ್ಳಬಹುದು. ಅಂದರೆ 21 ವ್ಯಾಟ್. 10 ಮೀಟರ್ ವೇಗದಲ್ಲಿ ಅದೇ ಚಕ್ರ 170 ವ್ಯಾಟ್ ಕೊಡುತ್ತದೆ. ದೀಪ, ಮೊಬೈಲ್, ರೇಡಿಯೋಗೆ ಇದು ಸಾಕು. ಇಸ್ತ್ರಿಪೆಟ್ಟಿಗೆಯ ಕನಸು ಬೇಡ. 1887ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಬ್ಲೈತ್ ಬಟ್ಟೆಯ ಪಟಗಳ ಗಾಳಿಯಂತ್ರದಿಂದ ಬ್ಯಾಟರಿ ತುಂಬಿಸಿಕೊಂಡು ತನ್ನ ಮನೆಯಲ್ಲಿ ಹಚ್ಚಿದ್ದೂ ದೀಪಗಳನ್ನೇ. ಉಳಿದ ವಿದ್ಯುತ್ತನ್ನು ಊರ ಬೀದಿಗೆ ಕೊಡುತ್ತೇನೆಂದರೆ, ಇದು ಸೈತಾನನ ಕೆಲಸವೆಂದು ಊರವರು ಬೇಡವೆಂದರಂತೆ.

ಆದ್ದರಿಂದ ಏನನ್ನೂ ಕೊಳ್ಳುವ ಮೊದಲು ಗಾಳಿಯ ವೇಗ ಅಳೆಯುವ ಅಗ್ಗದ ಮಾಪಕವನ್ನು ಕೋಲಿಗೆ ಕಟ್ಟಿ, ಕೆಲವು ತಿಂಗಳು ಬರೆದಿಟ್ಟುಕೊಳ್ಳಿ. ಸರಾಸರಿ ಸೆಕೆಂಡಿಗೆ 4 ಮೀಟರ್ ದಾಟದಿದ್ದರೆ ಈ ಬರಹವನ್ನು ಇಲ್ಲಿಗೇ ಬಿಟ್ಟು ಸೋಲಾರ್ ಫಲಕ ತನ್ನಿ. ಬೇಸರ ಬೇಡ, ಅದು ಗದ್ದಲವನ್ನೂ ಮಾಡುವುದಿಲ್ಲ.

ದಾಟಿತೇ? ಹಾಗಾದರೆ ಕೈಯಲ್ಲಿರುವ ದುಡ್ಡಿನ ಅರ್ಧವನ್ನು ಕಂಬಕ್ಕೆಂದು ಎತ್ತಿಡಿ. ಸುತ್ತ 150 ಮೀಟರ್ ದೂರದೊಳಗಿನ ಮನೆ, ಮರಗಳಿಗಿಂತ ಚಕ್ರದ ಕೆಳತುದಿ 9 ಮೀಟರ್ ಮೇಲಿರಬೇಕು ಎಂಬುದು ಬಲ್ಲವರ ಮಾತು. ನಮ್ಮ ಜೇಬಿಗೆ ಅಷ್ಟು ಎಟುಕದಿದ್ದರೂ ಬಯಲಿನಲ್ಲಿ 10 ಮೀಟರಿನ ಕಬ್ಬಿಣದ ಕೊಳವೆ ನಿಲ್ಲಿಸಬಹುದು. ಅದನ್ನು ಹತ್ತುವ ಯೋಚನೆ ಮಾತ್ರ ಮಾಡಬೇಡಿ. ಬುಡಕ್ಕೆ ಕೀಲು ಹಾಕಿ, ಮಲಗಿಸಿ ಎಬ್ಬಿಸುವಂತೆ ಮಾಡಿ. ನಾಲ್ಕು ದಿಕ್ಕಿಗೆ, ಎರಡು ಎತ್ತರದಲ್ಲಿ, ಕಂಬವನ್ನು ಎಳೆದು ಹಿಡಿಯುವ ಸ್ಟೇ ತಂತಿ ಬಿಗಿಯಿರಿ. ಬುಡದ ಕೀಲು ಮತ್ತು ಅದರ ಅಕ್ಕಪಕ್ಕದಲ್ಲಿ ಈ ತಂತಿ ಕಟ್ಟುವ ಎರಡು ಗೂಟಗಳು ಒಂದೇ ಗೆರೆಯಲ್ಲಿ, ಒಂದೇ ಮಟ್ಟದಲ್ಲಿರಬೇಕು. ನನ್ನ ಒಂದು ಗೂಟ ಗೇಣು ತಗ್ಗಿನಲ್ಲಿತ್ತು; ಕಂಬ ಅರ್ಧಕ್ಕೆ ಏಳುವಷ್ಟರಲ್ಲಿ ಒಂದು ಬದಿಯ ತಂತಿ ಸಡಿಲವಾಗಿ ಜೋತುಬಿತ್ತು, ಇನ್ನೊಂದು ಬದಿಯದು ವೀಣೆಯ ತಂತಿಯಷ್ಟು ಬಿಗಿಯಾಯಿತು. ಹಾಗಾಗಿ ಮೊದಲ ಸಲ ಯಂತ್ರವಿಲ್ಲದೆ ಬರಿಯ ಕಂಬವನ್ನು ಎಬ್ಬಿಸಿ ನೋಡಿ. ವಿದ್ಯುತ್ ತಂತಿಗಳು ಕಂಬ ಬಿದ್ದರೂ ತಾಗದಷ್ಟು ದೂರವಿರಲಿ. ಸಿಡಿಲಿಗಾಗಿ ಕಂಬಕ್ಕೆ ಅರ್ಥಿಂಗ್ ಬೇಕೇ ಬೇಕು.

ಜನರೇಟರಿಗೆ ಗುಜರಿಯಲ್ಲಿ ಸಿಗುವ ಟ್ರೆಡ್‌ಮಿಲ್ ಮೋಟಾರು ಆಗಬಹುದು. ಅದು ಶಾಶ್ವತ ಅಯಸ್ಕಾಂತದ ಡಿಸಿ ಮೋಟಾರು ಹೌದೋ ಅಲ್ಲವೋ ನೋಡಿ. ಮೋಟಾರಿನ ಮೈಮೇಲೆ ಅಂಟಿಸಿದ ಪಟ್ಟಿಯಲ್ಲಿ ಬರೆದ ವೋಲ್ಟನ್ನು ನಿಮಿಷದ ಸುತ್ತುಗಳಿಂದ ಭಾಗಿಸಿ. ನಮ್ಮ ಚಕ್ರ ಸಾಧಾರಣ ಗಾಳಿಯಲ್ಲಿ ನಿಮಿಷಕ್ಕೆ 400 ಸುತ್ತು ತಿರುಗೀತು. 12 ವೋಲ್ಟಿನ ಬ್ಯಾಟರಿ ತುಂಬಲು ಅಷ್ಟರಲ್ಲೇ 14 ವೋಲ್ಟ್ ದಾಟಬೇಕು. ಹಾಗಾಗಿ ಭಾಗಲಬ್ಧ 0.035ಕ್ಕಿಂತ ಹೆಚ್ಚಿರಲಿ. ಕಾರಿನ ಬ್ಯಾಟರಿ ತುಂಬುವ ಆಲ್ಟರ್ನೇಟರ್ ಬೇಡ. ಅದಕ್ಕೆ ಇದರ ಎಷ್ಟೋ ಪಟ್ಟು ವೇಗ ಬೇಕು, ಸಾಲದ್ದಕ್ಕೆ ಅದರ ಸುರುಳಿಗೆ ನಾವೇ ವಿದ್ಯುತ್ತು ಉಣ್ಣಿಸಬೇಕು.

ರೆಕ್ಕೆಗೆ 200 ಮಿಲಿಮೀಟರ್ ವ್ಯಾಸದ ದಪ್ಪ ಪಿವಿಸಿ ಕೊಳವೆ ಸಾಕು. ಸುಮಾರು 55 ಸೆಂಟಿಮೀಟರ್ ತುಂಡನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ. ಮೂರು ರೆಕ್ಕೆಗೆ, ನಾಲ್ಕನೆಯದು ಮುಂದೆ ಮುರಿಯಲಿರುವ ರೆಕ್ಕೆಗೆ. ರಟ್ಟಿನ ಒಂದೇ ಅಚ್ಚಿಟ್ಟು ಬುಡ ಅಗಲ, ತುದಿ ಸಪೂರವಾಗುವಂತೆ ಕತ್ತರಿಸಿ. ಮುಂದಿನ ಅಂಚನ್ನು ಅರದಿಂದ ಉರುಟಾಗಿಸಿ, ಹಿಂದಿನದನ್ನು ತೆಳುವಾಗಿಸಿ. ಟೊಳ್ಳು ಬದಿ ಗಾಳಿಗೆ ಮುಖ ಮಾಡಬೇಕು. ಬಿಸಿಲಿಗೆ ಪಿವಿಸಿ ಪೆಡಸಾಗುತ್ತದೆ, ಬಣ್ಣ ಬಳಿಯಿರಿ.

ಇಲ್ಲಿಂದ ಆತುರ ಬೇಡ. ಮೂರನ್ನೂ ತಕ್ಕಡಿಯಲ್ಲಿಟ್ಟು ಗ್ರಾಮಿನ ಮಟ್ಟಕ್ಕೆ ಸಮ ಮಾಡಿ. ಲೋಹದ ಬಿಲ್ಲೆಗೆ ಬೋಲ್ಟ್ ಮಾಡಿದ ಮೇಲೆ ತುದಿಯಿಂದ ತುದಿಗೆ ಮೂರೂ ಅಂತರ ಸಮವಿದೆಯೇ ಎಂದು ಅಳೆಯಿರಿ. ನಡುವೆ ನಯವಾದ ಸರಳು ತೂರಿಸಿ, ಸಮಮಟ್ಟದಲ್ಲಿಟ್ಟ ಎರಡು ಚಾಕುವಿನ ಬೆನ್ನುಗಳ ಮೇಲಿಡಿ. ಭಾರದ ರೆಕ್ಕೆ ಮೆಲ್ಲನೆ ಕೆಳಗೆ ಬರುತ್ತದೆ. ಅದನ್ನು ಒಂದಿಷ್ಟು ಅರದಿಂದ ಉಜ್ಜಿ ಮತ್ತೆ ಇಡಿ. ಚಕ್ರ ಹೇಗೆ ಬಿಟ್ಟರೆ ಹಾಗೆಯೇ ನಿಲ್ಲುವವರೆಗೆ ಇದೇ ಕೆಲಸ. ನನಗೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು.

ಯಂತ್ರವನ್ನು ಗಾಳಿಯ ದಿಕ್ಕಿಗೆ ಹೊರಳಿಸುವ ಬಾಲಕ್ಕೆ ಮೊಳದುದ್ದದ ದಂಡ, ಅದರ ತುದಿಗೆ 30 ಸೆಂಟಿಮೀಟರ್ ಚೌಕದ ತಗಡು.

ವಿದ್ಯುತ್ ಭಾಗದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಬ್ಯಾಟರಿ ಅತಿಯಾಗಿ ತುಂಬದಂತೆ ಕಾಯಲು ಮನೆಯಲ್ಲಿದ್ದ ಸೋಲಾರ್ ಕಂಟ್ರೋಲರನ್ನೇ ಜೋಡಿಸಿದ್ದೆ. ಬ್ಯಾಟರಿ ತುಂಬಿದೊಡನೆ ಅದು ತನ್ನ ಧರ್ಮದಂತೆ ಸಂಪರ್ಕ ಕಡಿಯಿತು. ಫಲಕವಾದರೆ ಸುಮ್ಮನಿರುತ್ತದೆ, ಹೊರೆ ಕಳಚಿದ ಚಕ್ರ ಹುಚ್ಚು ಕುದುರೆ. ಸಿಳ್ಳೆ ಏರುತ್ತಾ ಹೋಗಿ, ಒಂದು ರೆಕ್ಕೆ ಕಿತ್ತು ನೀರಿನ ಟ್ಯಾಂಕಿಗೆ ಬಡಿಯಿತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಬೇಕಾದದ್ದು, ಸೀಸದ ಬ್ಯಾಟರಿ 14.4 ವೋಲ್ಟ್ ಮುಟ್ಟಿದಾಗ ಹೆಚ್ಚುವರಿ ವಿದ್ಯುತ್ತನ್ನು ಹೀಟರ್ ಸುರುಳಿಗೋ ಬಲ್ಬುಗಳ ಸಾಲಿಗೋ ತಿರುಗಿಸುವ ಕಂಟ್ರೋಲರ್.

ಮೋಟಾರಿನಿಂದ ಬ್ಯಾಟರಿಯ ಕಡೆಗೆ ಒಂದು ಡಯೋಡ್, ಅಂದರೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ, ಇರಲಿ. ಇಲ್ಲದಿದ್ದರೆ ಗಾಳಿ ನಿಂತಾಗ ನಿಮ್ಮ ಬ್ಯಾಟರಿ ಊರಿಗೆಲ್ಲ ಫ್ಯಾನ್ ಬೀಸುತ್ತದೆ. ಡಯೋಡಿಗೂ ಮೊದಲೇ, ಮೋಟಾರಿನ ಎರಡು ತಂತಿಗಳನ್ನು ಕೂಡಿಸುವ ಸ್ವಿಚ್ಚು ಹಾಕಿ. ಅದೇ ಬ್ರೇಕು. ಬಿರುಗಾಳಿ ಬರುವ ಮೊದಲೇ, ಚಕ್ರ ನಿಧಾನವಾಗಿರುವಾಗ ಹಾಕಬೇಕು. ಭರದಲ್ಲಿ ತಿರುಗುವಾಗ ಹಾಕಿದರೆ ಮೋಟಾರು ಸುಟ್ಟೀತು. ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ ಫ್ಯೂಸ್ ಇರಲಿ, ಬ್ಯಾಟರಿ ಇಡುವ ಕೋಣೆಗೆ ಗಾಳಿಯಾಡಲಿ.

ತಂತಿಯಲ್ಲಿ ಜಿಪುಣತನ ಮಾಡಿದರೆ ಗೊತ್ತಿಲ್ಲದಂತೆ ಸೋರುತ್ತದೆ. ಕಂಬದಿಂದ ಬ್ಯಾಟರಿಗೆ 25 ಮೀಟರ್, 4 ಚದರ ಮಿಲಿಮೀಟರಿನ ತಾಮ್ರ, 10 ಆಂಪಿಯರ್ ಎಂದುಕೊಳ್ಳಿ: ಹೋಗಿ ಬರುವ ದಾರಿಯಲ್ಲೇ 2 ವೋಲ್ಟಿಗಿಂತ ಹೆಚ್ಚು ಇಳಿದು, 21 ವ್ಯಾಟ್ ತಂತಿಯನ್ನು ಬಿಸಿಮಾಡುತ್ತದೆ.

ಯಂತ್ರ ಗಾಳಿಯ ದಿಕ್ಕಿಗೆ ಹೊರಳಿದಂತೆ ಕಂಬದೊಳಗಿನ ತಂತಿಯೂ ತಿರುಚಿಕೊಳ್ಳುತ್ತದೆ. ಅದಕ್ಕೆ, ತಿರುಗುವಾಗಲೂ ವಿದ್ಯುತ್ತನ್ನು ದಾಟಿಸುವ ದುಬಾರಿ ಉಂಗುರಗಳು ಬೇಡ. ಬುಡದಲ್ಲಿ ಪ್ಲಗ್ಗು ಇಟ್ಟಿದ್ದೇನೆ. ತಿಂಗಳಿಗೊಮ್ಮೆ ಬ್ರೇಕು ಹಾಕಿ, ಪ್ಲಗ್ಗು ಕಳಚಿ, ತಿರುಚು ಬಿಡಿಸಿ, ಸ್ಟೇ ತಂತಿಗಳನ್ನು ಒಮ್ಮೆ ಕೈಯಿಂದ ಎಳೆದು ನೋಡಿ ಬರುತ್ತೇನೆ.